ಡಬ್ಬಿ ಕೊಳ್ಳುವ ಮೊದಲು

ಮಗಳೇ, ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಆರು ಹಾಲಿನ ಬಾಟಲಿ, ಸ್ಟೆರಿಲೈಸರ್, ಬಾಟಲಿ ಬೆಚ್ಚಗಿಡುವ ಯಂತ್ರ, ಎರಡು ಡಬ್ಬಿ ಹಾಲಿನ ಪುಡಿ. ಯಾವ ಕಂಪನಿಯದು ಒಳ್ಳೆಯದು ಹೇಳಿ ದೊಡ್ಡಮ್ಮ ಎಂದು ಕೇಳಿದ್ದೀಯ. ಕಂಪನಿಯ ಮಾತು ಆಮೇಲಿರಲಿ. ಪುಡಿಯ ಡಬ್ಬಿಯನ್ನು ಈಗಲೇ ತಂದಿಡಬೇಡ. ಮನೆಯಲ್ಲಿ ಡಬ್ಬಿ ಇದ್ದರೆ, ಮೂರನೆಯ ರಾತ್ರಿ ಮಗು ಎಡೆಬಿಡದೆ ಅತ್ತಾಗ ಯಾರದಾದರೂ ಕೈ ಅದರ ಮುಚ್ಚಳಕ್ಕೆ ಹೋಗಿಯೇ ಹೋಗುತ್ತದೆ. ನೀನಿರುವುದು ಮೀರಾ ರೋಡಿನಲ್ಲಿ. ನಿಜವಾಗಿ ಬೇಕಾದ ದಿನ ಕೆಳಗಿನ ಮೆಡಿಕಲ್ಲಿನಿಂದ ಡಬ್ಬಿ ತರಲು ನಿನ್ನ ಗಂಡನಿಗೆ ಹತ್ತು ನಿಮಿಷ ಸಾಕು. ಮೊದಲೇ ಕೂಡಿಡಬೇಕಾದ ಸಾಮಾನು ಅದಲ್ಲ.

ಆ ಮೂರನೆಯ ರಾತ್ರಿಯ ವಿಷಯವನ್ನು ನಿನಗೆ ಯಾರೂ ಹೇಳಿರಲಾರರು. ಹೆರಿಗೆ ವಾರ್ಡಿನಲ್ಲಿ ಬದುಕು ಕಳೆದವಳು ನಾನು, ಅದಕ್ಕೇ ಹೇಳುತ್ತೇನೆ. ಹೆತ್ತ ದಿನ ನಿನಗೆ ಬರುವುದು ಚಮಚದ ಲೆಕ್ಕದ ಹಳದಿ ಹಾಲು. ಅದನ್ನು ನೋಡಿ ಬಂಧುಬಳಗದವರು ‘ಅಯ್ಯೋ, ಹಾಲೇ ಇಲ್ಲ’ ಎನ್ನುತ್ತಾರೆ. ಆದರೆ ಆ ದಿನ ಮಗುವಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ, ಒಂದೊಂದು ಸಲಕ್ಕೆ ಕೆಲವೇ ಮಿಲಿಲೀಟರ್. ರೋಗ ತಡೆಯುವ ಶಕ್ತಿ ಅದರಲ್ಲಿ ದಟ್ಟವಾಗಿರುತ್ತದೆ. ಬಿಳಿ ಹಾಲು ತುಂಬಿಕೊಳ್ಳುವುದು ಮೂರನೆಯ, ನಾಲ್ಕನೆಯ ದಿನ. ಸಿಸೇರಿಯನ್ ಆದರೆ ಒಂದು ದಿನ ತಡವಾದರೂ ಆದೀತು. ಅಲ್ಲಿಯವರೆಗೆ ಮಗು ಗಳಿಗೆಗೊಮ್ಮೆ ಎದೆ ಕೇಳುತ್ತದೆ, ರಾತ್ರಿಯಂತೂ ಬಿಡುವುದೇ ಇಲ್ಲ. ಅದು ಬರೀ ಹಸಿವಿನ ಕೂಗಲ್ಲ. ಚೀಪಿ ಚೀಪಿ ಮಗು ತನ್ನ ಹಾಲನ್ನು ತಾನೇ ತರಿಸಿಕೊಳ್ಳುವ ರೀತಿ ಅದು. ಆಗ ಒಂದು ಹೊತ್ತು ಡಬ್ಬಿಯ ಹಾಲು ಕೊಟ್ಟರೆ ಮಗು ಹೊಟ್ಟೆ ಭಾರವಾಗಿ ಮಲಗಿಬಿಡುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಎದೆ ಮಾತ್ರ ಆ ಹೊತ್ತಿನ ಹಾಲನ್ನು ಹುಟ್ಟಿಸುವುದಿಲ್ಲ. ಮರುದಿನ ಎರಡು ಹೊತ್ತು, ವಾರದಲ್ಲಿ ನಾಲ್ಕು ಹೊತ್ತು. ಹಾಲಿಲ್ಲ ಎಂದು ಶುರುವಾದ ಡಬ್ಬಿಯಿಂದಲೇ ಹಾಲು ಇಲ್ಲವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಲೆಕ್ಕವಿಲ್ಲದಷ್ಟು ಸಲ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ಅಳೆಯಬೇಡ, ಒದ್ದೆ ಬಟ್ಟೆಯಿಂದ ಅಳೆ. ಐದನೆಯ ದಿನದಿಂದ ಮಗು ದಿನಕ್ಕೆ ಆರೆಂಟು ಸಲ ತಿಳಿಯಾಗಿ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಡೈಪರಿನಲ್ಲಿ ಉಚ್ಚೆಯ ಲೆಕ್ಕ ಸಿಗುವುದಿಲ್ಲ, ಮೊದಲ ಹದಿನೈದು ದಿನ ಹತ್ತಿಯ ಲಂಗೋಟಿಯನ್ನೇ ಕಟ್ಟು. ಆದರೆ ಒದ್ದೆ ಬಟ್ಟೆ ಕಡಿಮೆಯಾದರೆ, ಉಚ್ಚೆ ಕಡು ಹಳದಿಯಾದರೆ, ಎಬ್ಬಿಸಿದರೂ ಹಾಲಿಗೆ ಏಳದೆ ಮಗು ಜೋಲಿದರೆ, ಮೈ ಕಾಮಾಲೆಯ ಬಣ್ಣಕ್ಕೆ ತಿರುಗಿದರೆ ನನಗೆ ಫೋನ್ ಮಾಡುತ್ತ ಕೂರಬೇಡ, ರಿಕ್ಷಾ ಹಿಡಿದು ಡಾಕ್ಟರರ ಹತ್ತಿರ ಹೋಗು. ಅಂಥ ಹೊತ್ತಿನಲ್ಲಿ ಅವರು ಪುಡಿಯ ಹಾಲು ಬರೆದುಕೊಟ್ಟರೆ ಅದು ಔಷಧಿ. ಹಿಂದೆಮುಂದೆ ನೋಡದೆ ಕೊಡು.

ನಮ್ಮ ಮುಂಬೈಯ ಒಂದು ದೊಡ್ಡ ಕೆಲಸ ನಿನಗೆ ಗೊತ್ತಿರಬೇಕು. ನಮ್ಮ ಮಾಟುಂಗದ ಪಕ್ಕದ ಸಯನ್ ಆಸ್ಪತ್ರೆ, ಅಂದರೆ ಲೋಕಮಾನ್ಯ ತಿಲಕ್ ಮುನಿಸಿಪಲ್ ಆಸ್ಪತ್ರೆಯಲ್ಲಿ, 1989ರ ನವೆಂಬರಿನಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಯಿತು. ಅದನ್ನು ಕಟ್ಟಿದವರು ನವಜಾತ ಶಿಶುಗಳ ವೈದ್ಯೆ ಡಾ. ಆರ್ಮಿಡಾ ಫರ್ನಾಂಡಿಸ್. ಧಾರಾವಿಯಂಥ ಕಡೆಯಿಂದ ಬರುವ ಬಡ ತಾಯಂದಿರಿಗೆ ದಿನ ತುಂಬದ, ಕೈಯಗಲದ ಕೂಸುಗಳು ಹುಟ್ಟುತ್ತಿದ್ದವು. ಅಂಥವಕ್ಕೆ ಪುಡಿಯ ಹಾಲಿನಿಂದ ಬರುವ ಸೋಂಕೇ ದೊಡ್ಡ ಶತ್ರು. ಹಾಲು ಹೆಚ್ಚಾಗಿರುವ ತಾಯಂದಿರು ಇಷ್ಟಪಟ್ಟು ಹಿಂಡಿಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷಿಸಿ, ಹೆಪ್ಪುಗಟ್ಟಿಸಿ, ತಾಯಿಯ ಹಾಲು ಸಿಗದ ಕೂಸುಗಳಿಗೆ ಕೊಡುತ್ತಾರೆ. ಹೆಸರು ಗೊತ್ತಿಲ್ಲದ ತಾಯಿಯ ಹಾಲು ಕುಡಿದು ಬದುಕಿದ ಮಕ್ಕಳು ಈ ಮುಂಬೈಯಲ್ಲಿ ಎಷ್ಟೋ ಮಂದಿ. ನಿನ್ನ ಮಗುವಿಗೆ ದಿನ ತುಂಬುವ ಮೊದಲೇ ಹುಟ್ಟುವ ಸಂದರ್ಭ ಬಂದರೆ, ಡಬ್ಬಿಗೆ ಮೊದಲು ಇಂಥ ಬ್ಯಾಂಕಿನ ಹಾಲು ಸಿಗುತ್ತದೆಯೇ ಎಂದು ಕೇಳು. ನಿನಗೆ ಹಾಲು ಧಾರಾಳವಾದರೆ ಕೊಡುವುದನ್ನೂ ಯೋಚಿಸು.

ಇನ್ನು ಕಾನೂನಿನ ಮಾತು. ಹಾಲಿನ ಪುಡಿಗೂ ಹಾಲಿನ ಬಾಟಲಿಗೂ ನಮ್ಮ ದೇಶದಲ್ಲಿ ಜಾಹೀರಾತು ನಿಷಿದ್ಧ. 1992ರಲ್ಲಿ ಕಾಯಿದೆಯಾಯಿತು, 1993ರ ಆಗಸ್ಟ್ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಪುಕ್ಕಟೆ ಡಬ್ಬಿ ಕೊಡುವಂತಿಲ್ಲ, ಡಬ್ಬಿಯ ಜೊತೆ ಉಡುಗೊರೆ ಕೊಡುವಂತಿಲ್ಲ, ಡಾಕ್ಟರರಿಗೂ ನರ್ಸುಗಳಿಗೂ ಕಾಣಿಕೆ ಕೊಡುವಂತಿಲ್ಲ, ಡಬ್ಬಿಯ ಮೇಲೆ ತಾಯಿಯ ಅಥವಾ ಮಗುವಿನ ಚಿತ್ರ ಹಾಕುವಂತಿಲ್ಲ. ತಪ್ಪಿದರೆ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಈ ಕಾಯಿದೆಯಡಿ ಕೋರ್ಟಿಗೆ ದೂರು ಕೊಡಲು ಸರ್ಕಾರ ಅಧಿಕಾರ ಕೊಟ್ಟ ಸಂಸ್ಥೆಗಳಲ್ಲಿ ಒಂದು ಮುಂಬೈಯದೇ, ಮಕ್ಕಳ ವೈದ್ಯ ಡಾ. ಆರ್. ಕೆ. ಆನಂದ್ ಮುಂದೆ ನಿಂತು ನಡೆಸಿದ ‘ಅಕಾಶ್’. ಇಷ್ಟೆಲ್ಲ ಇದ್ದೂ, ಡಿಸ್ಚಾರ್ಜಿನ ಚೀಟಿಯಲ್ಲಿ ಯಾವ ಕಾರಣವೂ ಇಲ್ಲದೆ ಒಂದು ಡಬ್ಬಿಯ ಹೆಸರು ಬರೆದಿರುವುದನ್ನು ನಾನು ನೋಡಿದ್ದೇನೆ. ನಿನ್ನ ಚೀಟಿಯಲ್ಲಿ ಹಾಗೆ ಬರೆದಿದ್ದರೆ ‘ಇದು ಏಕೆ ಬೇಕು, ಎಷ್ಟು ದಿನ ಬೇಕು?’ ಎಂದು ಅಲ್ಲೇ ನಿಂತು ಕೇಳು. ಕೇಳುವುದು ಒರಟುತನವಲ್ಲ.

ಪುಡಿ ಬೇಕೇ ಬೇಕಾಯಿತು ಎಂದಿಟ್ಟುಕೋ. ತಾಯಿಗೆ ಕಾಯಿಲೆ ಇರಬಹುದು, ಮಗುವಿಗೆ ಹೊಂದದ ಮಾತ್ರೆ ತೆಗೆದುಕೊಳ್ಳುತ್ತಿರಬಹುದು, ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದಿರಬಹುದು. ದತ್ತು ತಂದ ಮಗುವಿದ್ದರೆ ಆ ಮಾತೇ ಬೇರೆ. ಆಗ ತಪ್ಪು ಮಾಡಿದವಳಂತೆ ತಲೆ ತಗ್ಗಿಸಬೇಡ, ಬೇರೆಯವರು ತಗ್ಗಿಸುವಂತೆ ಮಾತಾಡಿದರೆ ನನ್ನ ಹೆಸರು ಹೇಳು. ‘ಡಬ್ಬಿ ದುಬಾರಿ, ತಬೇಲೆಯ ಎಮ್ಮೆ ಹಾಲಿಗೆ ನೀರು ಬೆರೆಸಿ ಕೊಡಿ’ ಎನ್ನುವವರು ಈ ಊರಿನಲ್ಲಿ ಈಗಲೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಹಸುವಿನ ಹಾಲಾಗಲಿ ಎಮ್ಮೆಯ ಹಾಲಾಗಲಿ ಕುಡಿಯುವ ಹಾಲಾಗಿ ಸಲ್ಲದು.

ಯಾವ ಕಂಪನಿ ಎಂದು ಕೇಳಿದ್ದೆಯಲ್ಲ. ಹುಟ್ಟಿದಂದಿನಿಂದ ಆರು ತಿಂಗಳವರೆಗಿನ ಮಗುವಿಗೆ ಮೊದಲ ಹಂತದ್ದು, ಅದರ ಮೇಲೆ 1 ಎಂದಿರುತ್ತದೆ. ಅದರಲ್ಲಿ ಏನೇನು ಎಷ್ಟಿರಬೇಕು ಎಂಬುದನ್ನು ಕಾನೂನೇ ಗೊತ್ತುಮಾಡಿದೆ, ಆದ್ದರಿಂದ ದುಬಾರಿ ಡಬ್ಬಿಗೂ ಸಾಧಾರಣ ಡಬ್ಬಿಗೂ ಆರೋಗ್ಯವಂತ ಮಗುವಿಗೆ ಹೇಳುವಂಥ ವ್ಯತ್ಯಾಸವಿಲ್ಲ. ವಿಶೇಷ ಪುಡಿಗಳನ್ನು ಡಾಕ್ಟರ್ ಹೇಳದೆ ಮುಟ್ಟಬೇಡ. ತಾರೀಖು ನೋಡು, ಎಫ್‌ಎಸ್‌ಎಸ್‌ಎಐ ಪರವಾನಗಿ ನಂಬರ್ ನೋಡು, ಡಬ್ಬಿ ನೆಗ್ಗಿದ್ದರೆ ವಾಪಸು ಕೊಡು. ಖರ್ಚನ್ನೂ ಮೊದಲೇ ಲೆಕ್ಕ ಹಾಕು. ಮೂರೂವರೆ ಕಿಲೋ ಮಗು ಪೂರ್ತಿ ಪುಡಿಯ ಹಾಲನ್ನೇ ಕುಡಿದರೆ ದಿನಕ್ಕೆ ಸುಮಾರು ಅರ್ಧ ಲೀಟರ್ ಬೇಕು. 400 ಗ್ರಾಮಿನ ಡಬ್ಬಿ ಐದಾರು ದಿನಕ್ಕೆ ಖಾಲಿ, ಮಗು ಬೆಳೆದಂತೆ ನಾಲ್ಕು ದಿನಕ್ಕೆ. ಎಷ್ಟೋ ಮನೆಗಳಲ್ಲಿ ತಿಂಗಳ ಕೊನೆಗೆ ಕಾಸು ಸಾಲದೆ ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಮಾಡುತ್ತಾರೆ. ಮಗು ಸೊರಗುವುದು ಅಲ್ಲಿಂದಲೇ.

ಬೆರೆಸುವ ಕ್ರಮ ಸರಿಯಾಗಿ ಕೇಳು, ನಿನ್ನ ಗಂಡನಿಗೂ ಓದಿ ಹೇಳು. ಪುಡಿ ಎಷ್ಟೇ ಚೊಕ್ಕವಾಗಿ ಕಂಡರೂ ಅದು ಸಂಪೂರ್ಣ ರೋಗಾಣುಮುಕ್ತವಲ್ಲ, ಕೂಸಿನ ಪ್ರಾಣಕ್ಕೇ ಎರವಾಗಬಲ್ಲ ಸೂಕ್ಷ್ಮಾಣು ಅದರಲ್ಲಿ ಇರುವ ಸಾಧ್ಯತೆ ಉಂಟು. ಆದ್ದರಿಂದಲೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ನೀರು 70 ಡಿಗ್ರಿಗಿಂತ ಕಡಿಮೆ ಬಿಸಿ ಇರಬಾರದು ಎಂದಿತು. ಡಬ್ಬಿಯ ಮೇಲೆ ಉಗುರುಬೆಚ್ಚಗಿನ ನೀರು ಎಂದು ಬರೆದಿರುವುದುಂಟು. ನಾನಾದರೆ ಬಿಸಿ ನೀರಿನ ಕಡೆಗೇ ನಿಲ್ಲುತ್ತೇನೆ. ಒಂದು ಲೀಟರ್ ನೀರು ಕುದಿಸಿ, ಮುಚ್ಚಿಟ್ಟು, ಅರ್ಧ ಗಂಟೆ ದಾಟುವ ಮೊದಲು ಬೆರೆಸಿಬಿಡು. ನಿಮ್ಮ ಸೊಸೈಟಿಗೆ ಟ್ಯಾಂಕರ್ ನೀರೂ ಬರುತ್ತದೆ, ಮಳೆಗಾಲದಲ್ಲಿ ನಲ್ಲಿಯ ನೀರಿಗೂ ನಂಬಿಕೆಯಿಲ್ಲ. ಫಿಲ್ಟರಿನ ನೀರಾದರೂ ಬಿಸ್ಲೇರಿ ನೀರಾದರೂ ಕುದಿಸಲೇಬೇಕು. ಮೊದಲು ನೀರು ಅಳೆ, ಆಮೇಲೆ ಪುಡಿ. ಸಾಮಾನ್ಯವಾಗಿ 30 ಮಿಲಿಲೀಟರಿಗೆ ಒಂದು ಚಮಚ, ಆದರೂ ಡಬ್ಬಿಯ ಮೇಲಿನ ಲೆಕ್ಕವನ್ನೇ ಓದು. ಒಳಗಿರುವ ಚಮಚವನ್ನೇ ಬಳಸು, ಪುಡಿಯನ್ನು ಒತ್ತಿ ತುಂಬಬೇಡ, ಚೊಕ್ಕ ಚಾಕುವಿನ ಬೆನ್ನಿನಿಂದ ಮಟ್ಟ ಮಾಡು. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲಕಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸು. ಕುದಿ ನೀರನ್ನು ನೇರವಾಗಿ ಪ್ಲಾಸ್ಟಿಕ್ ಬಾಟಲಿಗೆ ಸುರಿದು ಕುಲುಕಿದರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಲಕ್ಷಗಟ್ಟಲೆ ಹಾಲಿಗಿಳಿಯುತ್ತವೆ ಎಂದು 2020ರಲ್ಲಿ ಐರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಬೆರೆಸಿದ ಹಾಲಿಗೆ ಎರಡು ಗಂಟೆಯಷ್ಟೇ ಆಯುಸ್ಸು. ಮಗು ಬಾಯಿಟ್ಟು ಉಳಿಸಿದ್ದನ್ನು ಚೆಲ್ಲು, ಎಷ್ಟೇ ದುಡ್ಡು ಕೊಟ್ಟು ತಂದದ್ದಾಗಿರಲಿ.

ಬಾಟಲಿ ಆರು ಬೇಡ. ಬಾಟಲಿಯ ನಿಜವಾದ ದೋಷ ಅದನ್ನು ತೊಳೆಯುವ ಕಷ್ಟ. ನಿಪ್ಪಲ್ಲಿನ ಒಳಮಡಿಕೆ, ಮುಚ್ಚಳದ ತಿರುಪು, ಗಾಳಿ ಹೋಗಲೆಂದು ಮಾಡಿದ ಕೊಳವೆ, ಎಲ್ಲೆಲ್ಲೂ ಹಾಲು ಅಂಟಿ ನಮ್ಮೂರಿನ ಸೆಕೆಗೆ ಗಂಟೆಯೊಳಗೆ ಹುಳಿಯುತ್ತದೆ. ಎಷ್ಟು ಕಡಿಮೆ ಬಿಡಿಭಾಗವೋ ಅಷ್ಟು ಒಳ್ಳೆಯದು. ಅಗಲ ಬಾಯಿಯ, ಒಳಗೆ ಬ್ರಷ್ ಸಲೀಸಾಗಿ ಹೋಗುವ, ಗಾಜಿನದೋ ಸ್ಟೀಲಿನದೋ ಎರಡು ಸಾಕು. ಪ್ಲಾಸ್ಟಿಕ್ಕೇ ಆದರೆ ಐಎಸ್‌ಐ ಗುರುತು ನೋಡದೆ ಕೊಳ್ಳಬೇಡ, ಕ್ರಾಫರ್ಡ್ ಮಾರ್ಕೆಟ್ಟಿನ ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣದ ಬಾಟಲಿಗಳ ಕಡೆ ತಿರುಗಿಯೂ ನೋಡಬೇಡ. ನಿಪ್ಪಲ್ ನಿಧಾನ ಹರಿವಿನದಿರಲಿ, ಅಂಟಂಟಾದರೆ, ಸೀಳಿದರೆ ಬಿಸಾಡು. ಸ್ಟೆರಿಲೈಸರಿನ ದುಡ್ಡು ಉಳಿಸು. ಸೋಪು ಹಾಕಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಆಯಿತು. ಬಾಟಲಿ ಬೆಚ್ಚಗಿಡುವ ಯಂತ್ರವನ್ನಂತೂ ಪಟ್ಟಿಯಿಂದ ಹೊಡೆದುಹಾಕು, ಹಾಲನ್ನು ಗಂಟೆಗಟ್ಟಲೆ ಬೆಚ್ಚಗಿಡುವುದೆಂದರೆ ರೋಗಾಣುವನ್ನು ಸಾಕುವುದು.

ನನ್ನನ್ನು ಕೇಳಿದರೆ ಬಾಟಲಿಗಿಂತ ಒಳಲೆಯೇ, ಅಂದರೆ ಮೂತಿಯಿರುವ ಆ ಪುಟ್ಟ ಬಟ್ಟಲೇ ಮೇಲು. ನಿನ್ನ ಅಜ್ಜಿಯ ಹಿತ್ತಾಳೆ ಪೆಟ್ಟಿಗೆಯಲ್ಲಿ ಬೆಳ್ಳಿಯದೊಂದು ಇತ್ತು, ಈಗ ಸ್ಟೀಲಿನದು ಸಿಗುತ್ತದೆ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸು. ಒಳಲೆಯ ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ ತುಸುವೇ ಬಾಗಿಸು. ಹಾಲನ್ನು ಸುರಿಯಬಾರದು, ಮಗುವೇ ನಾಲಗೆ ಚಾಚಿ ತೆಗೆದುಕೊಳ್ಳಬೇಕು. ನುಂಗಿತು ಎಂದು ಗಂಟಲು ನೋಡಿ ತಿಳಿದ ಮೇಲೆ ಮುಂದಿನ ಹನಿ. ಮೊದಲೆರಡು ದಿನ ಅರ್ಧ ಹಾಲು ಕುತ್ತಿಗೆಗೇ ಇಳಿಯುತ್ತದೆ, ಆಮೇಲೆ ಕೈ ಕೂಡಿಬರುತ್ತದೆ. ಮೂತಿಯ ಒಳಗೂ ಉಜ್ಜಿ ತೊಳೆದು ಕುದಿಸಿದರೆ ಮುಗಿಯಿತು, ಮಡಿಕೆಯಿಲ್ಲ, ತಿರುಪಿಲ್ಲ. ಎದೆ ಚೀಪುವುದನ್ನೂ ಮಗು ಮರೆಯುವುದಿಲ್ಲ.

ಕೆಲಸಕ್ಕೆ ಮರಳುವ ಚಿಂತೆ ನಿನಗಿರುವುದು ನನಗೆ ಗೊತ್ತು. ಕಾನೂನಿನ ಪ್ರಕಾರ ನಿನಗೆ 26 ವಾರ ಸಂಬಳ ಸಹಿತ ರಜೆ ಉಂಟು. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ನಿಮ್ಮ ಅಂಧೇರಿಯ ಆಫೀಸಿನ ಎಚ್‌ಆರ್‌ಗೆ ಈಗಲೇ ಬರೆದು ಕೇಳು. ರಜೆಯ ಕೊನೆಯ ತಿಂಗಳಿನಿಂದ ಹಾಲು ಹಿಂಡುವುದನ್ನು ರೂಢಿ ಮಾಡಿಕೋ. ಪಂಪ್ ಆಗ ಕೊಂಡರೆ ಸಾಕು, ಕೈಯಲ್ಲೇ ಹಿಂಡಲು ಬಂದರೆ ಅದೂ ಬೇಡ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ಒಂದು ದಿನ. ಮೇ ತಿಂಗಳಲ್ಲಿ ವಿರಾರ್ ಲೋಕಲಿನಲ್ಲಿ ತರುವುದಾದರೆ ಐಸ್ ಇಟ್ಟ ಚೀಲವಿಲ್ಲದೆ ತರಬೇಡ.

ನಿನ್ನ ಅತ್ತೆಯವರೊಂದಿಗೂ ಒಂದು ಮಾತು ಈಗಲೇ ಆಡಿಬಿಡು, ಮಗು ಬಂದ ಮೇಲೆ ಆಡಿದರೆ ಜಗಳವಾಗುತ್ತದೆ. ಜೇನು, ಬಜೆ ತೇದದ್ದು, ಮಾಲೀಶಿನವಳು ತರುವ ಘುಟ್ಟಿ, ಗ್ರೈಪ್ ವಾಟರ್, ನೀರು, ಆರು ತಿಂಗಳವರೆಗೆ ಇವು ಯಾವುವೂ ಬೇಡ. ಜೇನಂತೂ ವರ್ಷ ತುಂಬುವವರೆಗೆ ಬೇಡ, ಅದರಲ್ಲಿ ನರಕ್ಕೆ ಲಕ್ವ ತರುವ ವಿಷದ ಬೀಜವಿರಬಹುದು. ಅವರ ಅಕ್ಕರೆ ದೊಡ್ಡದು, ಅದಕ್ಕೆ ಬೇರೆ ಕೆಲಸ ಕೊಡು. ರಾತ್ರಿ ನೀನು ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿ ತೇಗಿಸುವುದು, ನಿನ್ನ ತಟ್ಟೆಗೆ ಬಿಸಿ ಅನ್ನ ಬೀಳುವಂತೆ ನೋಡಿಕೊಳ್ಳುವುದು, ನೆಂಟರನ್ನು ಬಾಗಿಲಲ್ಲೇ ತಡೆಯುವುದು. ಅವರಷ್ಟು ಚೆನ್ನಾಗಿ ಈ ಕೆಲಸ ಇನ್ಯಾರೂ ಮಾಡಲಾರರು.

ಪಟ್ಟಿಯ ದುಡ್ಡಿನಲ್ಲಿ ಉಳಿದದ್ದನ್ನು ಎದೆಹಾಲಿನ ಸಲಹೆ ಕೊಡುವ ತರಬೇತಾದವರೊಬ್ಬರಿಗೆ ಮೀಸಲಿಡು. ಮೊದಲ ವಾರದಲ್ಲಿ ಒಂದು ಸಲ ಅವರು ಮನೆಗೆ ಬಂದು, ಮಗುವಿನ ಬಾಯಿ ಎದೆಗೆ ಸರಿಯಾಗಿ ಕೂತಿದೆಯೇ ಎಂದು ನೋಡಿ ತಿದ್ದಿದರೆ ಆರು ಬಾಟಲಿಗಿಂತ ಹೆಚ್ಚು ಉಪಕಾರ. ಮತ್ತೆ, ಬರುವ ವಾರ ತಪಾಸಣೆಗೆ ಹೋದಾಗ ಡಾಕ್ಟರರನ್ನು ಎರಡು ಪ್ರಶ್ನೆ ಕೇಳು: ಹೆರಿಗೆಯಾಗಿ ಒಂದು ಗಂಟೆಯೊಳಗೆ ಮಗುವನ್ನು ನನ್ನ ಎದೆಗೆ ಕೊಡುತ್ತೀರಾ, ಸಿಸೇರಿಯನ್ ಆದರೂ? ನನ್ನನ್ನು ಕೇಳದೆ ಮಗುವಿಗೆ ಟಾಪ್ ಫೀಡ್, ಅಂದರೆ ಹೊರಗಿನ ಹಾಲು, ಕೊಡುವುದಿಲ್ಲ ತಾನೇ? ಅವರು ಏನೆಂದರು ಎಂದು ಅಂದು ಸಂಜೆಯೇ ನನಗೆ ಫೋನ್ ಮಾಡು.