ಎಮ್ಮೆಯ ಮೈಮೇಲೆ ಬಿಳಿ ಮಚ್ಚೆ: ಮಾರುವ ಮುನ್ನ ತಿಳಿಯಿರಿ



ಒಂದು ಸಂಘದ ಸದಸ್ಯರೊಬ್ಬರ ಎರಡನೇ ಸೂಲಿನ ಎಮ್ಮೆ. ಹೊತ್ತಿಗೆ ನಾಲ್ಕು ಲೀಟರ್ ಹಾಲು. ಮೂತಿಯ ಮೇಲೆ ಒಂದು ಬಿಳಿ ಮಚ್ಚೆ ಕಂಡಿತು, ನಂತರ ಕಣ್ಣಿನ ರೆಪ್ಪೆಗೆ, ಮೊಲೆತೊಟ್ಟಿಗೆ ಹಬ್ಬಿತು. "ಎಮ್ಮೆಗೆ ತೊನ್ನು ಬಂದಿದೆ, ಉಳಿದ ರಾಸುಗಳಿಗೂ ಅಂಟುತ್ತದೆ" ಎಂದು ಅಕ್ಕಪಕ್ಕದವರು ಹೆದರಿಸಿದರು. ದಲ್ಲಾಳಿ ಅರ್ಧ ಬೆಲೆಗೆ ಹೊಡೆದುಕೊಂಡು ಹೋದ. ನಾನು ಆ ಊರಿಗೆ ಹೋಗುವಷ್ಟರಲ್ಲಿ ಕೊಟ್ಟಿಗೆ ಖಾಲಿಯಾಗಿತ್ತು. ಒಂದು ವಾರ ಮೊದಲೇ ಕೇಳಿದ್ದರೆ ಆ ಎಮ್ಮೆ ಇಂದಿಗೂ ಅವರ ಮನೆಯಲ್ಲೇ ಹಾಲು ಕೊಡುತ್ತಿತ್ತು.

ಚರ್ಮಕ್ಕೂ ಕೂದಲಿಗೂ ಕಪ್ಪು ಬಣ್ಣ ಕೊಡುವ ವಸ್ತುವಿಗೆ ಮೆಲನಿನ್ ಎಂದು ಹೆಸರು. ಅದನ್ನು ತಯಾರಿಸುವ ಜೀವಕೋಶಗಳು ಒಂದು ಜಾಗದಲ್ಲಿ ನಾಶವಾದರೆ ಅಲ್ಲಿ ಚರ್ಮ ಬಿಳಿ ಅಥವಾ ತಿಳಿ ಗುಲಾಬಿಯಾಗುತ್ತದೆ, ಅಲ್ಲಿನ ಕೂದಲೂ ಬೆಳ್ಳಗಾಗಬಹುದು. ಇದೇ ತೊನ್ನು. ತುರಿಕೆಯಿಲ್ಲ, ನೋವಿಲ್ಲ, ಗಾಯವಿಲ್ಲ. ಇದು ಅಂಟುರೋಗವಲ್ಲ. ಹಾಲಿಗೆ ಯಾವ ದೋಷವೂ ಬರುವುದಿಲ್ಲ. ಎಂದಿನಂತೆ ಸಂಘಕ್ಕೆ ಹಾಕಬಹುದು, ಕಾಯಿಸಿ ಮನೆಯಲ್ಲೂ ಬಳಸಬಹುದು. ಮನುಷ್ಯರ ತೊನ್ನು ಕೂಡ ಅಂಟುವುದಿಲ್ಲ. ತೊನ್ನಿರುವ ತಾಯಂದಿರು ತಂದ ಹಾಲನ್ನು ಕಂಡು ಮುಖ ಸಿಂಡರಿಸುವವರು ನಮ್ಮ ಕೆಲವು ಸಂಘಗಳಲ್ಲಿ ಇನ್ನೂ ಇದ್ದಾರೆ, ಅದಕ್ಕಾಗಿ ಈ ಮಾತನ್ನೂ ಬರೆಯಬೇಕಾಯಿತು.

ಇನ್ನು ಬೇರೊಂದು ತೊಂದರೆಯಿದೆ. ನಮ್ಮ ಸದಸ್ಯರಿಗೆ ನಿಜವಾದ ನಷ್ಟ ಬರುವುದು ಇದರಿಂದಲೇ. ಮೆಲನಿನ್ ತಯಾರಾಗಲು ತಾಮ್ರ ಬೇಕು. ಮೇವಿನಲ್ಲಿ ತಾಮ್ರ ಕಡಿಮೆಯಾದರೆ ಚರ್ಮಕ್ಕಿಂತ ಮೊದಲು ಕೂದಲಿನ ಬಣ್ಣ ಮಾಸುತ್ತದೆ. ಕಪ್ಪು ರಾಸು ಕೆಂಚಾಗುತ್ತದೆ, ಕೂದಲು ಒರಟಾಗುತ್ತದೆ. ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬೂದು ಬಣ್ಣದ ಉಂಗುರ ಕಾಣಬಹುದು. ಬಣ್ಣ ಹೋದರೆ ಹೋಗಲಿ ಎನ್ನಬೇಡಿ. ಇಂಥ ರಾಸು ಸಕಾಲಕ್ಕೆ ಬೆದೆಗೆ ಬರುವುದಿಲ್ಲ, ಬಂದರೂ ಗರ್ಭ ನಿಲ್ಲುವುದು ಕಷ್ಟ. ರಕ್ತಹೀನತೆ, ಕೆಲವೊಮ್ಮೆ ಬೇಧಿಯೂ ಇರುತ್ತದೆ. ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿ ಬೇಸತ್ತವರು ಒಮ್ಮೆ ರಾಸಿನ ಕೂದಲನ್ನೂ ನೋಡಿ.

ವರ್ಷವಿಡೀ ಒಣಹುಲ್ಲನ್ನೇ ನಂಬಿದ ಕೊಟ್ಟಿಗೆಗಳಲ್ಲಿ ಈ ಕೊರತೆ ಹೆಚ್ಚು. ಮಣ್ಣು, ನೀರು, ಮೇವುಗಳಲ್ಲಿ ಮಾಲಿಬ್ಡಿನಂ, ಗಂಧಕ, ಕಬ್ಬಿಣ ಜಾಸ್ತಿಯಿದ್ದರೆ ತಿಂದ ತಾಮ್ರವೂ ಮೈಗೆ ಹತ್ತುವುದಿಲ್ಲ. ತೊನ್ನು ಬಂದ ಎಮ್ಮೆಗಳ ರಕ್ತದಲ್ಲೂ ತಾಮ್ರ ಕಡಿಮೆಯಿದ್ದದ್ದು ಕಂಡುಬಂದಿದೆ. ಆದ್ದರಿಂದ ಎರಡಕ್ಕೂ ಮೊದಲ ಉಪಾಯ ಖನಿಜ ಮಿಶ್ರಣವೇ. ಹಾಲು ಬತ್ತಿದ ದೊಡ್ಡ ರಾಸಿಗೆ ದಿನಕ್ಕೆ 50 ಗ್ರಾಂ, ಕರುಗಳಿಗೆ 20ರಿಂದ 25 ಗ್ರಾಂ, ಕರೆಯುವ ರಾಸಿಗೆ ಹಾಲಿನ ಪ್ರಮಾಣ ನೋಡಿ ಇನ್ನೂ ಹೆಚ್ಚು. "ದಿನಾ ಉಪ್ಪು ಹಾಕ್ತೀವಲ್ಲ ಸಾರ್" ಎನ್ನುತ್ತಾರೆ. ಅಡುಗೆ ಉಪ್ಪು ಬೇರೆ, ಖನಿಜ ಮಿಶ್ರಣ ಬೇರೆ. ಜೊತೆಗೆ ಜಂತುಹುಳುವಿನ ಔಷಧಿ ಹಾಕಿಸಿ, ಸ್ವಲ್ಪವಾದರೂ ಹಸಿರು ಮೇವು ಕೊಡಿ. ಹೊಸ ಕೂದಲು ಬೆಳೆದ ಮೇಲಷ್ಟೇ ಬಣ್ಣ ತಿರುಗುವುದರಿಂದ ಕೆಲವು ತಿಂಗಳು ಕಾಯಬೇಕು. ತೊನ್ನಿನ ಮಚ್ಚೆಗಳು ಕೆಲವು ಎಮ್ಮೆಗಳಲ್ಲಿ ಹಾಗೆಯೇ ಉಳಿಯಬಹುದು. ಅದರಿಂದ ಕರಾವಿಗೆ ಅಡ್ಡಿಯಿಲ್ಲ. ಬಿಳಿ ಚರ್ಮಕ್ಕೆ ಬಿಸಿಲು ತಡೆಯುವುದಿಲ್ಲವಾದ್ದರಿಂದ ನಡುಹಗಲು ನೆರಳಲ್ಲಿ ಕಟ್ಟಿ.

ಬಿಳಿ ಕಂಡದ್ದೆಲ್ಲ ರೋಗವೂ ಅಲ್ಲ. ಹುಟ್ಟಿನಿಂದಲೇ ಇರುವ ಹಣೆಯ ಚುಕ್ಕೆ, ಬಾಲದ ಬಿಳಿ ಕುಚ್ಚು ತಳಿಯ ಗುಣ. ಹಗ್ಗ ಉಜ್ಜಿದ ಜಾಗದಲ್ಲಿ, ಬರೆ ಹಾಕಿದ ಜಾಗದಲ್ಲಿ ಬಿಳಿ ಕೂದಲು ಬರುವುದು ಗಾಯದ ಗುರುತು. (ಬರೆ ಹಾಕುವುದನ್ನು ಇನ್ನಾದರೂ ಬಿಡಿ.) ದುಂಡಗೆ ಕೂದಲುದುರಿ ಬೂದಿಯಂಥ ಹೊಟ್ಟು ಏಳುತ್ತಿದ್ದರೆ ಅದು ಹುಳುಕಡ್ಡಿ, ಅದು ಮಾತ್ರ ಅಂಟುತ್ತದೆ, ಮನುಷ್ಯರಿಗೂ. ಮಿಶ್ರತಳಿ ಹಸುವಿನ ಬಿಳಿ ಭಾಗವಷ್ಟೇ ಕೆಂಪಾಗಿ ಊದಿ, ಬಿರಿದು ಸುಲಿಯುತ್ತಿದ್ದರೆ ಲಂಟಾನ ತಿಂದಿರಬಹುದು. ಕೂಡಲೇ ನೆರಳಿಗೆ ಕಟ್ಟಿ, ಅದೇ ದಿನ ವೈದ್ಯರನ್ನು ಕರೆಸಿ.

ಕೊನೆಗೆ ಮೈಲುತುತ್ತದ ವಿಷಯ. ಅದರಲ್ಲಿ ತಾಮ್ರವಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಚಿಟಿಕೆಯ ಲೆಕ್ಕದಲ್ಲಿ ಕುಡಿಸುವವರಿದ್ದಾರೆ. ತಾಮ್ರ ಮಿತಿಮೀರಿದರೆ ವಿಷ. ಪ್ರಮಾಣವನ್ನು ರಾಸು ನೋಡಿ ವೈದ್ಯರೇ ಹೇಳಬೇಕು. ಕೊಟ್ಟಿಗೆಯಲ್ಲಿ ಕುರಿಗಳೂ ಇದ್ದರೆ ಇನ್ನೂ ಎಚ್ಚರ: ಕುರಿಗೆ ತಾಮ್ರ ತಡೆಯುವುದಿಲ್ಲ. ಹಸು ಎಮ್ಮೆಗಳ ಖನಿಜ ಮಿಶ್ರಣವನ್ನು ಕುರಿಯ ಬಾಯಿಗೆ ಸಿಗದಂತೆ ಎತ್ತರದಲ್ಲಿಡಿ. ಒಂದೇ ಊರಿನ ಹಲವು ರಾಸುಗಳು ಕೆಂಚಾಗುತ್ತಿದ್ದರೆ ಸಂಘದ ಕಾರ್ಯದರ್ಶಿಯ ಮೂಲಕ ತಿಳಿಸಿ, ರಕ್ತ ಮತ್ತು ಮೇವಿನ ಪರೀಕ್ಷೆಗೆ ವೈದ್ಯರು ವ್ಯವಸ್ಥೆ ಮಾಡುತ್ತಾರೆ.