ಶೇಂಗಾ ಹಿಂಡಿ ಏಕೆ ವಿರಳವಾಯಿತು?



ಚಳ್ಳಕೆರೆ, ಪಾವಗಡದ ಕಡೆ ಶೇಂಗಾವನ್ನು ಗಾಣಕ್ಕೆ ಕೊಟ್ಟು ಎಣ್ಣೆ, ಹಿಂಡಿ ಎರಡನ್ನೂ ಮನೆಗೆ ತರುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 100 ಕಿ.ಗ್ರಾಂ. ಕಾಯಿ ಸುಲಿದರೆ ಸುಮಾರು 70 ಕಿ.ಗ್ರಾಂ. ಬೀಜ, ಅದರಿಂದ ಸುಮಾರು 40 ಕಿ.ಗ್ರಾಂ. ಹಿಂಡಿ ದೊರೆಯುತ್ತದೆ. ಬಿತ್ತನೆ ಕುಗ್ಗಿದರೆ ಹಿಂಡಿಯೂ ಕುಗ್ಗಲೇಬೇಕು.

1986ರಲ್ಲಿ ಆರಂಭವಾದ ಎಣ್ಣೆಕಾಳು ಅಭಿಯಾನದಿಂದ ಬೆಳೆಗೆ ಉತ್ತೇಜನ ಸಿಕ್ಕಿತು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಶೇಂಗಾ ಕ್ಷೇತ್ರ 10 ಲಕ್ಷ ಹೆಕ್ಟೇರನ್ನು ಮೀರಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಅಗ್ಗದ ಎಣ್ಣೆಯೇನೋ ಬಂದಿತು, ಆದರೆ ಅದರೊಡನೆ ಹಿಂಡಿ ಬರಲಿಲ್ಲ! ಮಳೆಯೂ ಕೈಕೊಡುತ್ತಿದ್ದುದರಿಂದ ಅನೇಕರು ಮೆಕ್ಕೆಜೋಳಕ್ಕೆ ತಿರುಗಿದರು. ಕ್ಷೇತ್ರ ಈಗ ಅಂದಿನ ಅರ್ಧದ ಆಸುಪಾಸಿನಲ್ಲಿದೆ.

ನಷ್ಟ ಹಸುವಿನದಷ್ಟೇ ಅಲ್ಲ. ಹಿಂಡಿಯಲ್ಲಿ ಸುಮಾರು ಶೇ. 7 ಸಾರಜನಕವಿದೆ, ಒಂದು ಕ್ವಿಂಟಲ್ ಹಿಂಡಿ ಊರು ಬಿಟ್ಟಿತೆಂದರೆ ಸುಮಾರು 15 ಕಿ.ಗ್ರಾಂ. ಯೂರಿಯಾದಷ್ಟು ಸಾರಜನಕ ಹೊರಗೆ ಹೋದಂತೆ. ಇಷ್ಟು ಬೆಲೆಯ ವಸ್ತುವನ್ನು ನೇರವಾಗಿ ಹೊಲಕ್ಕೆ ಹಾಕುವುದು ನನಗೆ ಸರಿಕಾಣದು. ಹಸುವಿಗೆ ತಿನ್ನಿಸಿ, ಸಗಣಿ ಗಂಜಲವನ್ನು ತಿಪ್ಪೆಗೆ ಸೇರಿಸಿರಿ.

ಕೊಳ್ಳುವಾಗ ವಿಚಾರಿಸಿರಿ: ಯಂತ್ರದಲ್ಲಿ ಒತ್ತಿದ ಹಿಂಡಿಯಲ್ಲಿ ಶೇ. 6ರಿಂದ 8 ಎಣ್ಣೆ ಉಳಿದಿರುತ್ತದೆ, ದ್ರಾವಕದಿಂದ ಎಣ್ಣೆ ತೆಗೆದುದರಲ್ಲಿ ಶೇ. 1 ಮಾತ್ರ. ಎರಡಕ್ಕೂ ಒಂದೇ ಬೆಲೆ ಕೊಡಬೇಡಿರಿ. ಸುಗ್ಗಿಯಲ್ಲಿ ಅಗ್ಗವೆಂದು ಕೊಂಡಿಡುವವರು ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರವಿಡಿರಿ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದು. ಅದು ಹಾಲಿಗೂ ಇಳಿಯುತ್ತದೆ. ಅಂಥದನ್ನು ದನಕ್ಕೆ ಹಾಕಲೇಬೇಡಿರಿ.