ರೇಟು ರಾತ್ರಿ ನೋಡಬೇಡಿ

ಪ್ರಶ್ನೆ: ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟವಿದೆ. ಕೊಯ್ಲಿನ ಕಾಲ ಬಂದರೆ ಮಳೆ, ರೇಟು, ಕೆಲಸದವರ ಚಿಂತೆಯಲ್ಲಿ ನಿದ್ದೆಯಿಲ್ಲ. ಮನೆಯವರ ಮೇಲೆ ರೇಗುತ್ತೇನೆ. ಏನು ಮಾಡಲಿ?

ಉತ್ತರ: ಕಣದಲ್ಲಿ ಕಾಫಿ ಹರವಿರುವಾಗ ಮೋಡ ಕಟ್ಟಿದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಅದು ಕಾಯಿಲೆಯಲ್ಲ. ರಾತ್ರಿಯಾದರೂ ಆ ಗಾಬರಿ ಇಳಿಯದಿದ್ದರೆ ತೊಂದರೆ.

ಬೆಳೆಗಾರರಿಗೆ ಹೇಳಲು ಸಂಕೋಚವೇ, ಆದರೂ ಮೊದಲು ಕಾಫಿಯನ್ನೇ ವಿಚಾರಿಸೋಣ. ಕುಡಿದು ಸುಮಾರು 5 ಗಂಟೆ ಕಳೆದರೂ ಕೆಫೀನಿನ ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಮಧ್ಯಾಹ್ನ 2ರ ನಂತರ ಜೀರಿಗೆ ಕಷಾಯಕ್ಕೆ ಬದಲಾಯಿಸಿ.

ರೇಟು ದಿನಕ್ಕೊಮ್ಮೆ, ಹಗಲಿನಲ್ಲೇ ನೋಡಿ. ಲಂಡನ್, ನ್ಯೂಯಾರ್ಕಿನ ಕಾಫಿ ವಹಿವಾಟು ನಮ್ಮ ರಾತ್ರಿಯಲ್ಲೂ ನಡೆಯುತ್ತದೆ. ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಕಾವಲು ಕೂತರೆ ರೇಟು ಏರುವುದಿಲ್ಲ, ನಿಮ್ಮ ಬಿಪಿ ಏರಬಹುದು. ನಾಳೆಯ ಕೆಲಸಗಳನ್ನು ಊಟಕ್ಕೆ ಮೊದಲೇ ಚೀಟಿಯಲ್ಲಿ ಬರೆದಿಡಿ. ಮಲಗಿದ ಮೇಲೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಐದು ನಿಮಿಷ ಬಿಡುತ್ತಾ ಹೋಗಿ.

ಸಂಜೆ ಬೆಳಕಿರುವಾಗ ಅರ್ಧ ಗಂಟೆ ಸುಮ್ಮನೆ ನಡೆಯಿರಿ, ಗಿಡದ ಲೆಕ್ಕ ಹಾಕದೆ. (ಆನೆ ಬಂದಿರುವ ಸುದ್ದಿಯಿದ್ದರೆ ಅಂಗಳವೇ ಸಾಕು.) ಮೂಡಿಗೆರೆಯ ಸಾಹಿತಿ ತೇಜಸ್ವಿಯವರು ಕಾಫಿ ಬೆಳೆಯುತ್ತಲೇ ಗಾಳ ಹಾಕಿದರು, ಹಕ್ಕಿಗಳ ಫೋಟೊ ತೆಗೆದರು. ತೋಟದಾಚೆಗೆ ನಿಮಗೂ ಒಂದು ಹವ್ಯಾಸ ಬೇಕು.

ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರಂತೂ ತಕ್ಷಣ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.